ಅರಳುಮರಳೆಂಬ ಅಪವಾದ

‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಮ್ಮ ಜನರು ನಗೆಗಾಗಿ ಆಡುವುದುಂಟು. ಆದರೆ 80 ವರ್ಷ ದಾಟಿದವರ ವಿಷಯದಲ್ಲಿ ಈ ಗಾದೆಯೇ ವೈದ್ಯನ ಸ್ಥಾನವನ್ನು ಆಕ್ರಮಿಸಿಕೊಂಡಿರುವುದು ಶೋಚನೀಯವಾಗಿದೆ. ನಿನ್ನೆಯವರೆಗೆ ಮೊಮ್ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದ ವೃದ್ಧೆಯು ಎರಡೇ ದಿನಗಳಲ್ಲಿ ಮನೆಯವರ ಗುರುತು ಮರೆತು, ರಾತ್ರಿಯೆಲ್ಲ ಎದ್ದು ಕುಳಿತು, ಇಲ್ಲದವರೊಡನೆ ಮಾತನಾಡತೊಡಗಿದರೆ, ‘ವಯಸ್ಸಾಯಿತು’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅದು ವಯಸ್ಸಿನ ಕೆಲಸವಲ್ಲ. ಮೂತ್ರದ ಸೋಂಕೋ, ಶ್ವಾಸಕೋಶದ ಜ್ವರವೋ, ಮೈಯ ನೀರು ಉಪ್ಪುಗಳ ಏರುಪೇರೋ, ಹೊಸದಾಗಿ ಕೊಟ್ಟ ಮಾತ್ರೆಯೋ ಅದಕ್ಕೆ ಕಾರಣವಾಗಿರಬಹುದು. ಬೇಗನೆ ಕಾರಣವನ್ನು ಕಂಡು ಚಿಕಿತ್ಸೆ ಮಾಡಿದರೆ ಅನೇಕರು ತಿಳಿವಿಗೆ ಮರಳುವರು. ತಡಮಾಡಿದರೆ ಪ್ರಾಣಕ್ಕೇ ಸಂಚಕಾರ. ಊಟ ಮಾತುಗಳನ್ನು ಬಿಟ್ಟು ಗೋಡೆಗೆ ಮುಖಮಾಡಿ ಮಲಗುವ ವೃದ್ಧನದು ಎಷ್ಟೋ ವೇಳೆ ಖಿನ್ನತೆ, ಅದಕ್ಕೂ ಔಷಧವುಂಟು. ಮರೆವಿನ ರೋಗವು ಬಹುಮಟ್ಟಿಗೆ ಗುಣವಾಗದಾದರೂ ರೋಗಿಯ ಸಂಕಟವನ್ನೂ ಸೇವೆಮಾಡುವ ಸೊಸೆಯ ಭಾರವನ್ನೂ ತಗ್ಗಿಸಬಹುದು.

ಸರಕಾರದವರು ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಗೆ 2016ರಲ್ಲಿ ವೈದ್ಯಕೀಯ ಕಾಲೇಜೂ ಬಂದಿತು. 2014ರ ಮನೋಚೈತನ್ಯ ಯೋಜನೆಯು ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೇ ಬರಬೇಕೆಂದು ಗೊತ್ತುಮಾಡಿತು. 2022ರಿಂದ 14416 ಎಂಬ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತಿದೆ.

ಆದರೆ ಕಿವಿ ಕೇಳದವರಿಗೆ ದೂರವಾಣಿಯಿಂದೇನು ಫಲ? ಗುಂಡ್ಲುಪೇಟೆಯ ಕಾಡಂಚಿನ ಹಳ್ಳಿಯಿಂದ, ನಡೆಯಲಾರದ 85ರ ತಾಯಿಯನ್ನು ಆಸ್ಪತ್ರೆಗೆ ತರಬೇಕಾದರೆ ಬಾಡಿಗೆ ಆಟೋ ಬೇಕು, ಮಗನ ಒಂದು ದಿನದ ಕೂಲಿ ಹೋಗಬೇಕು. ಮಗನು ದುಡಿಮೆಗಾಗಿ ಪರಊರಿಗೆ ಹೋಗಿದ್ದರಂತೂ ಕರೆತರುವವರಾರು? ಹಿರಿಯರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಸಾಲಿರಬೇಕೆಂದು 2007ರ ಕಾಯಿದೆ ವಿಧಿಸಿದೆ. ಸಾಲಿನವರೆಗೆ ಬರಬಲ್ಲವರಿಗೆ ಅದು ಉಪಕಾರವೇ ಸರಿ. ಇನ್ನು, ಮನೋವೈದ್ಯರ ಬಳಿಗೆ ಹೋದರೆ ಹುಚ್ಚೆಂದು ಊರೆಲ್ಲ ಆಡಿಕೊಳ್ಳುವುದೆಂಬ ಅಂಜಿಕೆ ಬೇರೆ. ಮಲೆಮಹದೇಶ್ವರನಿಗೆ ಹರಕೆ ಹೊರುವುದನ್ನು ನಾವು ಹಳಿಯುವುದಿಲ್ಲ. ಹರಕೆಯೊಂದಿಗೆ ವೈದ್ಯರಿಗೂ ತೋರಿಸಲೆಂಬುದೇ ನಮ್ಮ ಬಿನ್ನಹ.

ರೋಗಿಯು ಬಾರದಿದ್ದಲ್ಲಿ ವೈದ್ಯರೇ ಹೋಗಬೇಕು. ಆಶಾ ಕಾರ್ಯಕರ್ತೆಯರು ಹೇಗೂ ಮನೆಮನೆಗೆ ಹೋಗುತ್ತಾರೆ. ಅಜ್ಜಿಯ ತಿಳಿವು ಯಾವಾಗಿನಿಂದ ಕೆಟ್ಟಿತು, ಊಟ ನಿದ್ರೆಗಳು ಹೇಗಿವೆ ಎಂದು ಅವರು ವಿಚಾರಿಸಿ ಬರಲಿ. ತಿಳಿವು ದಿಢೀರನೆ ಕೆಟ್ಟಿದ್ದರೆ ಅಂದೇ ವೈದ್ಯರಿಗೆ ತಿಳಿಸಲಿ. ಆದರೆ ಆ ಹೆಣ್ಣುಮಕ್ಕಳಿಗೆ ಈ ಕೆಲಸಕ್ಕೆ ತಕ್ಕ ಸಂಭಾವನೆ ಸಲ್ಲಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳು ಮನೋವೈದ್ಯರ ಬಳಿಗೆ ಬಂದ 80 ಮೀರಿದವರ ಲೆಕ್ಕವನ್ನು ಬೇರೆಯಾಗಿ ಬರೆಯಿಸಿ, ತಿಂಗಳಿಗೊಮ್ಮೆ ಪ್ರಕಟಪಡಿಸಲಿ.