ಹಲವು ಕಾಡು ಸೇರಿದ ಒಂದು ಕಡ್ಡಿ

ಜಪಾನಿನ ಕ್ಯೋಟೊ, ಸಕಾಯ್ ಮತ್ತು ಅವಾಜಿ ದ್ವೀಪದಲ್ಲಿ ತಲೆಮಾರುಗಳಿಂದ ಊದುಬತ್ತಿ ಮಾಡುತ್ತ ಬಂದ ಮನೆತನಗಳಿವೆ. ಬೆಲೆಬಾಳುವ ಕಡ್ಡಿ ಮಾಡುವಾಗ ಅವರು ಸಾಮಾನ್ಯವಾಗಿ ಒಂದೇ ಕಾಡಿನ ಅಗರನ್ನು, ಅಂದರೆ ರಾಳ ತುಂಬಿದ ಪರಿಮಳದ ಕಟ್ಟಿಗೆಯನ್ನು, ನೆಚ್ಚಿ ಕೂರುವುದಿಲ್ಲ. ವಿಯೆಟ್ನಾಮಿನದು ಒಂದಿಷ್ಟು, ಇಂಡೊನೇಷ್ಯಾದ್ದು ಒಂದಿಷ್ಟು ಎಂದು ಬೆರೆಸುತ್ತಾರೆ. ದುಬಾರಿ ಮಾಲನ್ನು ಹೆಚ್ಚು ದಿನ ಬಾಳಿಸುವ ವ್ಯಾಪಾರದ ಜಾಣತನ ಇದರಲ್ಲಿ ಇದ್ದೇ ಇದೆ. ಆದರೆ ಬೆರಕೆಯ ನಿಜವಾದ ಅಗತ್ಯ ಕಟ್ಟಿಗೆಯ ರಸಾಯನದಿಂದ ಬಂದದ್ದು.

ಅಗರು ಹುಟ್ಟುವುದು ಅಕ್ವಿಲೇರಿಯಾ ಮತ್ತು ಗೈರಿನಾಪ್ಸ್ ಎಂಬ ಎರಡು ಕುಲಗಳ ಮರಗಳಲ್ಲಿ. ಅಸ್ಸಾಂ, ಮಲೇಷ್ಯಾ, ಸುಮಾತ್ರಾಗಳಲ್ಲಿ ಅಕ್ವಿಲೇರಿಯಾ ಮಲಾಕ್ಸೆನ್ಸಿಸ್. ವಿಯೆಟ್ನಾಂ, ಕಾಂಬೋಡಿಯಾ ಕಡೆ ಅಕ್ವಿಲೇರಿಯಾ ಕ್ರಾಸ್ನಾ. ನ್ಯೂ ಗಿನಿ ದ್ವೀಪದಲ್ಲಿ ಗೈರಿನಾಪ್ಸ್. ಗಾಯವಾಗದ ಮರದ ಕಟ್ಟಿಗೆ ಬಿಳುಪು, ಹಗುರ, ಪರಿಮಳವೇನೂ ಇಲ್ಲ. ಕೊಂಬೆ ಮುರಿದೋ ಹುಳು ಕೊರೆದೋ ಶಿಲೀಂಧ್ರ ಒಳಹೊಕ್ಕರೆ, ಅದನ್ನು ತಡೆಯಲು ಮರ ರಾಳ ಕಟ್ಟಿಕೊಳ್ಳುತ್ತದೆ. ಅಸ್ಸಾಮಿನವರು ಸಾಂಚಿ ಎನ್ನುವ ಮರದಲ್ಲಿ ಕೊರೆಯುವ ಕೆಲಸ ಜ್ಯೂಝೆರಾ ಕಾನ್‌ಫರ್ಟಾ ಎಂಬ ಪತಂಗದ ಮರಿಹುಳುವಿನದು. ವರ್ಷಗಟ್ಟಲೆ ರಾಳ ತುಂಬಿದ ಭಾಗ ಕಪ್ಪಾಗಿ, ನೀರಿಗೆ ಹಾಕಿದರೆ ಮುಳುಗುವಷ್ಟು ಭಾರವಾಗುತ್ತದೆ. ಪ್ರಭೇದ, ಮಣ್ಣು, ಗಾಯದ ಬಗೆ, ಒಳಹೊಕ್ಕ ಶಿಲೀಂಧ್ರ, ಕಳೆದ ಕಾಲ ಇಷ್ಟೂ ರಾಳದ ಗುಣವನ್ನು ತಿದ್ದುವುದರಿಂದ ಒಂದು ತುಂಡಿನಂತೆ ಇನ್ನೊಂದು ಇರುವುದಿಲ್ಲ.

ರಾಳದಲ್ಲಿ ಮುಖ್ಯವಾಗಿ ಎರಡು ಬಗೆಯ ಅಣುಗಳಿವೆ. ಮೊದಲನೆಯದು ಹದಿನೈದು ಇಂಗಾಲದ ಪರಮಾಣುಗಳ ಸೆಸ್ಕ್ವಿಟರ್ಪೀನುಗಳು. ಅಗರೊಸ್ಪೈರಾಲ್, ಅಗರೊಫ್ಯುರಾನ್ ಈ ಗುಂಪಿನವು. ಅಗರೊಫ್ಯುರಾನ್‌ಗಳ ರಚನೆಯನ್ನು 1960ರ ದಶಕದಲ್ಲಿ ಬಿಡಿಸಿದವರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರೂ ಇದ್ದರು. ಎರಡನೆಯದು ಕ್ರೋಮೋನುಗಳು. ಇವು ತಣ್ಣಗಿರುವಾಗ ಮೂಗಿಗೆ ಸಿಕ್ಕುವುದೇ ಕಷ್ಟ. ಕಾವು ತಗುಲಿದರೆ ಒಡೆದು, ಕಹಿ ಬಾದಾಮಿಯಂತೆ ಘಮಿಸುವ ಬೆನ್ಜಾಲ್ಡಿಹೈಡ್‌ನಂಥ ಸಣ್ಣ ಅಣುಗಳಾಗುತ್ತವೆ. ಜಪಾನೀಯರು ಎಲ್ಲಕ್ಕಿಂತ ಮೇಲೆಂದು ಎತ್ತಿಹಿಡಿಯುವ ವಿಯೆಟ್ನಾಮಿನ ‘ಕ್ಯಾರಾ’ ಅಗರಿನಲ್ಲಿ ಸರಳ ರಚನೆಯ ಕ್ರೋಮೋನುಗಳು ಯಥೇಚ್ಛ.

ಅಗರಿನ ಚೂರೊಂದನ್ನು ಪೂರ್ತಿ ಸವಿಯುವ ವಿಧಾನ ‘ಕೊಡೊ’. ಬೂದಿಯೊಳಗೆ ಕೆಂಡ ಹೂತು, ಮೇಲೆ ಅಭ್ರಕದ ಹಾಳೆಯಿಟ್ಟು, ಅದರ ಮೇಲೆ ಚೂರನ್ನು ಹೊಗೆಯೇಳದಂತೆ ಬಿಸಿಮಾಡುತ್ತಾರೆ. ಬೇಗ ಆವಿಯಾಗುವ ಅಣುಗಳು ಮೊದಲು, ಜಡವಾದವು ಆಮೇಲೆ ಹೊರಬರುವುದರಿಂದ ಘಮ ಹೊತ್ತು ಕಳೆದಂತೆ ಬದಲಾಗುತ್ತ ಹೋಗುತ್ತದೆ. ಕಡ್ಡಿಗೆ ಈ ಸಾವಧಾನ ಇಲ್ಲ. ಅದರ ತುದಿಯ ಕೆಂಡ ನೂರಾರು ಡಿಗ್ರಿ ಬಿಸಿ. ಅಲ್ಲಿರುವುದು ಬಹುಮಟ್ಟಿಗೆ ಸುಟ್ಟೇ ಹೋಗುತ್ತದೆ. ನಮಗೆ ದಕ್ಕುವ ಪರಿಮಳ ಹೆಚ್ಚಾಗಿ ಕೆಂಡದ ಬೆನ್ನಿಗಿರುವ, ಇನ್ನೂ ಹೊತ್ತಿಕೊಳ್ಳದೆ ಕಾಯುತ್ತಿರುವ ಕಿರಿದಾದ ಪಟ್ಟಿಯದು. ಅಲ್ಲಿಂದ ಎಲ್ಲ ಅಣುಗಳೂ ಒಟ್ಟಿಗೇ ಹೊರಡುತ್ತವೆ. ಕೊಡೊದಲ್ಲಿ ಒಂದೇ ಚೂರು ಸರದಿಯಲ್ಲಿ ತೋರಿಸುವ ವೈವಿಧ್ಯವನ್ನು ಕಡ್ಡಿಯಲ್ಲಿ ಏಕಕಾಲಕ್ಕೆ ಹೊಂದಿಸಬೇಕು. ಬೆರಕೆಯ ಕಲೆಯ ತಿರುಳು ಇದೇ ಎಂದು ನನ್ನ ಎಣಿಕೆ.

ಬೆರೆಸುವವರು ಸಸ್ಯಶಾಸ್ತ್ರದ ಹೆಸರುಗಳನ್ನು ಅಷ್ಟಾಗಿ ಹಚ್ಚಿಕೊಂಡವರಲ್ಲ. ಅವರ ಮಾರುಕಟ್ಟೆಯಲ್ಲಿ ಇರುವುದು ‘ಶಾಮ್’ ಮತ್ತು ‘ತಾನಿ’. ಶಾಮ್ ಎಂದರೆ ವಿಯೆಟ್ನಾಂ, ಕಾಂಬೋಡಿಯಾ, ಥಾಯ್ಲೆಂಡ್ ಕಡೆಯದು, ಸಿಹಿ ಮುಂದಾದದ್ದು. ಇಂಡೊನೇಷ್ಯಾ, ಮಲೇಷ್ಯಾದ ತಾನಿಯಲ್ಲಿ ಕಹಿ, ಖಾರ ಜೋರು. ಸಿಹಿಯೊಂದೇ ಆದರೆ ಕಡ್ಡಿ ಪೇಲವ, ಕಹಿಯೊಂದೇ ಆದರೆ ಒರಟು. ಜೊತೆಗೆ ಲವಂಗ, ದಾಲ್ಚಿನ್ನಿ, ಜಟಾಮಾಂಸಿ, ಶ್ರೀಗಂಧ ಸೇರುವುದುಂಟು. ಗಂಧದಲ್ಲಿ ಅವರು ‘ರೋಝಾನ್’ ಎಂದು ಕರೆದು ಮೇಲೆ ಕೂರಿಸುವುದು ನಮ್ಮ ಮೈಸೂರು ಸೀಮೆಯದನ್ನು.

ರಾಳ ಹೆಚ್ಚಾದರೆ ಕಡ್ಡಿ ನಡುವೆಯೇ ಆರಿಹೋಗಬಹುದು. ಅದಕ್ಕೇ ತಬು ಎಂಬ ಮರದ ತೊಗಟೆಯ ಪುಡಿ ಬೇಕು. ಇದು ಅಂಟೂ ಹೌದು, ಒಂದೇ ಸಮನೆ ಕನಲುವ ಇಂಧನವೂ ಹೌದು. ನಮ್ಮ ಅಗರಬತ್ತಿಯ ಮಸಾಲೆಯಲ್ಲಿ ಜಿಗಟು ಪುಡಿಗೆ ಇರುವ ಸ್ಥಾನ ಇದರದು. ನೀರು ಹಾಕಿ ನಾದಿದ ಹಿಟ್ಟನ್ನು ಶಾವಿಗೆಯಂತೆ ಒತ್ತಿ, ಹಲಗೆಯ ಮೇಲೆ ನೇರ ಮಾಡಿ ನಿಧಾನವಾಗಿ ಒಣಗಿಸುತ್ತಾರೆ. ಒಳಗೆ ಬಿದಿರುಕಡ್ಡಿ ಇಲ್ಲದ್ದರಿಂದ ಸುಟ್ಟ ಬಿದಿರಿನ ವಾಸನೆಯೂ ಇಲ್ಲ. ಇತ್ತ ನಮ್ಮ ಅಗರಬತ್ತಿಗಳಲ್ಲಿ ಹೆಚ್ಚಿನವು ಅಗರನ್ನು ಹೆಸರಿನಲ್ಲಷ್ಟೇ ಉಳಿಸಿಕೊಂಡಿವೆ.

ಬೆರಕೆಗೆ ಬೇಕಾದ ಕಾಡು ಮರಗಳು ಮಾತ್ರ ಕರಗುತ್ತಿವೆ. ಯಾವ ಮರದಲ್ಲಿ ರಾಳವಿದೆಯೆಂದು ಹೊರಗಿನಿಂದ ತಿಳಿಯುವುದು ಕಷ್ಟವಾದ್ದರಿಂದ ಇಲ್ಲದ್ದನ್ನೂ ಕಡಿದರು. ಅಕ್ವಿಲೇರಿಯಾ ಮಲಾಕ್ಸೆನ್ಸಿಸ್ ಈಗ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ವನ್ಯಜೀವಿ ವ್ಯಾಪಾರದ ‘ಸೈಟಿಸ್’ ಒಪ್ಪಂದ 1995ರಲ್ಲಿ ಈ ಪ್ರಭೇದವನ್ನು, ಹತ್ತು ವರ್ಷದ ನಂತರ ಎರಡೂ ಕುಲಗಳನ್ನು ಪೂರ್ತಿಯಾಗಿ ನಿಯಂತ್ರಣಕ್ಕೆ ತಂದಿತು. ಮಲೆನಾಡಿನ ಕೆಲವು ಕಾಫಿ ತೋಟಗಳಲ್ಲೂ ಈಗ ಅಗರು ಸಸಿಗಳಿವೆ. ಕಾಂಡಕ್ಕೆ ತೂತು ಕೊರೆದು ಶಿಲೀಂಧ್ರ ಸೇರಿಸಿದರೆ ಕೆಲವೇ ವರ್ಷಗಳಲ್ಲಿ ರಾಳ ಬರುತ್ತದೆ. ಕಾಡಿನಲ್ಲಿ ದಶಕಗಳ ಕಾಲ ಕೂಡಿದ ರಾಳದ ಸಂಕೀರ್ಣತೆ ಇದಕ್ಕಿಲ್ಲ ಎಂಬುದು ಮೂಗಿನ ಪರಿಣತರ ತಕರಾರು.

ಒಪ್ಪಂದದಲ್ಲೊಂದು ಸೋಜಿಗವಿದೆ. ಅಗರಿನ ಚಕ್ಕೆ ಗಡಿ ದಾಟಬೇಕಾದರೆ ಪರವಾನಗಿ ಬೇಕು. ಅದೇ ಚಕ್ಕೆ ಪುಡಿಯಾಗಿ, ಕಡ್ಡಿಯಾಗಿ, ಮಾರಾಟಕ್ಕೆ ಸಿದ್ಧವಾದ ಪೊಟ್ಟಣ ಸೇರಿದರೆ ವಿನಾಯಿತಿ. ಸೂಕ್ಷ್ಮದರ್ಶಕದಲ್ಲಿ ಇಡೀ ಕಟ್ಟಿಗೆಯನ್ನು ನೋಡಿದರೂ ಸಾಮಾನ್ಯವಾಗಿ ಕುಲ ಗೊತ್ತಾಗುತ್ತದೆಯೇ ಹೊರತು ಪ್ರಭೇದವಲ್ಲ. ಇನ್ನು ಬೆರೆಸಿದ ಪುಡಿಯ ಮೂಲ ಹುಡುಕುವ ಮಾತೆಲ್ಲಿ! ಪೊಟ್ಟಣದ ಮೇಲೆ ‘ಕಾಡಿನ ಅಗರು’ ಎಂದು ಅಚ್ಚಾಗಿದ್ದರೆ, ಅದಕ್ಕೆ ಬಹುಪಾಲು ಬೆರೆಸಿದವರ ಮಾತೇ ಸಾಕ್ಷಿ.