‘ಸುರಕ್ಷಿತವಾಗಿ ಕಾಡಿಗೆ ಬಿಡಲಾಯಿತು’: ಅಲ್ಲಿಗೆ ಕಥೆ ಮುಗಿಯಿತೇ?

ಬಾವಿಗೆ ಬಿದ್ದ ಚಿರತೆ, ಸುತ್ತ ಜನಸಂದಣಿ, ಬಲೆ, ಅರಿವಳಿಕೆ ಚುಚ್ಚುಮದ್ದು, ಬೋನು. ಇಂಥ ಸುದ್ದಿಯನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ: ‘ಚಿರತೆಯನ್ನು ಸುರಕ್ಷಿತವಾಗಿ ಕಾಡಿಗೆ ಬಿಡಲಾಯಿತು.’ ಸದ್ಯ ಬದುಕಿತಲ್ಲ ಎಂದು ನಾವು ಚಾನೆಲ್ ಬದಲಿಸುತ್ತೇವೆ.

ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ ಕುಳಿತು ನೋಡಿದರೆ ಮಾತ್ರ ಇನ್ನೊಂದು ಪ್ರಶ್ನೆ ಏಳುತ್ತದೆ: ಯಾವ ಕಾಡಿಗೆ? ಚನ್ನಬಸವಣ್ಣನ ಈ ಕ್ಷೇತ್ರದ ಸುತ್ತ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಅದರ ನಡುವೆಯೇ ಊರುಗಳಿವೆ, ಗದ್ದೆಗಳಿವೆ. ಅಲ್ಲಿ ಈಗಾಗಲೇ ಚಿರತೆಗಳೂ ಇವೆ. ಸುದ್ದಿಯಲ್ಲಿ ‘ಕಾಡು’ ಎಂದರೆ ಖಾಲಿ ಜಾಗ. ಇಲ್ಲಿನವರಿಗೆ ಅದು ಮನೆಯಂಗಳ.

ಸುದ್ದಿ ನಮ್ಮನ್ನು ಒಪ್ಪಿಸುವುದು ಹೇಗೆ?

ಸುಳ್ಳು ಹೇಳಿ ಅಲ್ಲ, ಆಯ್ಕೆ ಮಾಡಿ. ಸಂವಹನ ಅಧ್ಯಯನದಲ್ಲಿ ಇದಕ್ಕೆ ಫ್ರೇಮಿಂಗ್ ಎನ್ನುತ್ತಾರೆ. ಘಟನೆಯ ಕೆಲವು ಅಂಶಗಳನ್ನಷ್ಟೇ ಎದ್ದು ಕಾಣಿಸಿದರೆ ಸಮಸ್ಯೆ ಯಾವುದು, ಕಾರಣ ಯಾರು, ಪರಿಹಾರವೇನು ಎಂಬುದೂ ತಾನಾಗಿ ತೀರ್ಮಾನವಾಗುತ್ತದೆ ಎಂದು ರಾಬರ್ಟ್ ಎಂಟ್‌ಮನ್ 1993ರಲ್ಲಿ ವಿವರಿಸಿದರು.

ಮೊದಲನೆಯದು ಪದ. ‘ನಾಡಿಗೆ ನುಗ್ಗಿದ ಚಿರತೆ’ ಎಂದ ಕೂಡಲೇ ಅದು ಅಪರಾಧಿ. ಆದರೆ ಕಬ್ಬಿನ ಗದ್ದೆ, ಕಲ್ಲುಗುಡ್ಡಗಳಲ್ಲೂ ಚಿರತೆಗಳು ನಾಯಿ, ಮೇಕೆ ಹಿಡಿದು ಬದುಕುತ್ತವೆ. ಅವು ಎಲ್ಲಿಂದಲೋ ನುಗ್ಗಿದವಲ್ಲ, ಅಲ್ಲೇ ಇದ್ದವು.

ಎರಡನೆಯದು ಹೆಸರು. 2016ರಲ್ಲಿ ಮಂಚನಬೆಲೆ ಬಳಿ ಕಾಲಿಗೆ ಗಾಯವಾಗಿ ಬಿದ್ದ ಕಾಡಾನೆ ‘ಸಿದ್ದ’ನಿಗಾಗಿ ನಾಡೇ ಮರುಗಿತು. ಸೇನೆಯೂ ನೆರವಿಗೆ ಬಂತು. ಡಿಸೆಂಬರ್‌ನಲ್ಲಿ ಅದು ತೀರಿಕೊಂಡಿತು. ಆದರೆ ಅಕ್ರಮ ವಿದ್ಯುತ್ ಬೇಲಿಗೆ ಸಿಕ್ಕಿ ಸಾಯುವ, ಹೆಸರಿಲ್ಲದ ಆನೆಗಳಿಗಾಗಿ ನಾವು ಅಷ್ಟು ಮರುಗುವುದಿಲ್ಲ. ಒಂದು ಗುರುತಿರುವ ಜೀವಕ್ಕೆ ಮಿಡಿಯುವಷ್ಟು ಮನಸ್ಸು ಅಂಕಿ-ಸಂಖ್ಯೆಗಳಿಗೆ ಮಿಡಿಯುವುದಿಲ್ಲ ಎಂಬುದನ್ನು ಮನೋವಿಜ್ಞಾನಿ ಪಾಲ್ ಸ್ಲೋವಿಕ್ ಮತ್ತಿತರರು ಪ್ರಯೋಗಗಳಲ್ಲಿ ತೋರಿಸಿದ್ದಾರೆ.

ಮೂರನೆಯದು ಮುಕ್ತಾಯ. 2016ರ ಫೆಬ್ರುವರಿ 7ರಂದು ಬೆಂಗಳೂರಿನ ಶಾಲೆಯೊಂದಕ್ಕೆ ಬಂದ ಚಿರತೆ ಹಲವರನ್ನು ಗಾಯಗೊಳಿಸಿದ ದೃಶ್ಯವನ್ನು ಜಗತ್ತೇ ನೋಡಿತು. ಅದನ್ನು ಹಿಡಿದು ಬನ್ನೇರುಘಟ್ಟಕ್ಕೆ ಸಾಗಿಸಲಾಯಿತು. ಸುಮಾರು ಒಂದು ವಾರದಲ್ಲಿ ಅದು ಅಲ್ಲಿಂದಲೂ ತಪ್ಪಿಸಿಕೊಂಡಿತು!

ಬಿಟ್ಟ ಮೇಲೆ ಏನಾಗುತ್ತದೆ?

ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ ಚಿರತೆಗಳನ್ನು ಹಿಡಿದು ದೂರದ ಕಾಡುಗಳಿಗೆ ಬಿಡುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆಯಿತು. ಅದಕ್ಕೆ ಮೊದಲು ಜನರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿಗಳಾಗುತ್ತಿದ್ದವು. ನಂತರ ಅದು 17ಕ್ಕೆ ಏರಿತು. ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಚಿರತೆಗಳನ್ನು ಬಿಟ್ಟ ಕಾಡುಗಳ ಅಂಚಿನಲ್ಲೂ ದಾಳಿಗಳು ಕಾಣಿಸಿಕೊಂಡವು. ಗುರುತಿಲ್ಲದ ಜಾಗ, ಸೆರೆಯ ಒತ್ತಡ, ಅಲ್ಲಿ ಮೊದಲೇ ಇರುವ ಚಿರತೆಗಳ ಪೈಪೋಟಿ, ಇವೆಲ್ಲ ಪ್ರಾಣಿಯನ್ನು ಕಂಗೆಡಿಸುತ್ತವೆ. ಅದೇ ವರ್ಷ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯೂ ಕಂಡ ಚಿರತೆಯನ್ನೆಲ್ಲ ಹಿಡಿದು ದೂರ ಸಾಗಿಸುವುದನ್ನು ಪ್ರೋತ್ಸಾಹಿಸುವುದಿಲ್ಲ.

ಹಾಗಾದರೆ ರಕ್ಷಣೆಯೇ ಬೇಡವೇ? ಬೇಕು. ಬಾವಿಗೆ ಬಿದ್ದ, ಉರುಳಿಗೆ ಸಿಕ್ಕ ಪ್ರಾಣಿಯನ್ನು ಉಳಿಸಲೇಬೇಕು. ಆದರೆ ಸುಮ್ಮನೆ ಹಾದುಹೋಗುತ್ತಿರುವ ಚಿರತೆಗೆ ಬೇಕಿರುವುದು ಬೋನಲ್ಲ, ದಾರಿ. ಮುತ್ತಿಕೊಂಡ ಜನರನ್ನು ಚದುರಿಸಿದರೆ ಎಷ್ಟೋ ಸಲ ಕತ್ತಲಾದ ಮೇಲೆ ಅದು ತಾನೇ ಹೊರಟುಹೋಗುತ್ತದೆ. ಆದರೆ ಅದರಲ್ಲಿ ತೋರಿಸುವಂಥ ದೃಶ್ಯವಿಲ್ಲ.

ಮುಂದಿನ ಸಲ ಇಂಥ ಸುದ್ದಿ ನೋಡಿದಾಗ ಮೂರು ಪ್ರಶ್ನೆ ಕೇಳಿ: ಪ್ರಾಣಿ ನಿಜವಾಗಿ ಅಪಾಯದಲ್ಲಿತ್ತೇ? ಅದನ್ನು ಎಲ್ಲಿ ಬಿಟ್ಟರು? ಅಲ್ಲಿ ಯಾರಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರ ಉಳವಿಯಂಥ ಊರೂ ಆಗಿರಬಹುದು.