ಕನ್ನಡಿಯಲ್ಲಿ ನಕ್ಷತ್ರ ತಿದ್ದುವ ಕೈ

ಮನಃಶಾಸ್ತ್ರದ ಪ್ರಾಕ್ಟಿಕಲ್ ಕೋಣೆಗೆ ಹೊಸದಾಗಿ ಬಂದ ಬಿ.ಎ. ಮಕ್ಕಳಿಗೆ ನಾನು ಫ್ರಾಯ್ಡ್‌ನಿಂದಾಗಲಿ ಕನಸುಗಳಿಂದಾಗಲಿ ಪಾಠ ಶುರುಮಾಡಿದವಳಲ್ಲ. ಮೇಜಿನ ಮೇಲೆ ನಿಲ್ಲಿಸಿದ ಒಂದು ಕನ್ನಡಿ, ಅದರ ಮುಂದೊಂದು ಹಾಳೆ, ಹಾಳೆಯ ಮೇಲೆ ಜೋಡಿ ಗೆರೆಯಲ್ಲಿ ಅಚ್ಚಾದ ನಕ್ಷತ್ರ. ಕೈಯೂ ಹಾಳೆಯೂ ನೇರವಾಗಿ ಕಾಣದಂತೆ ಮೇಲೊಂದು ಅಡ್ಡ ತಗಡು. ಕನ್ನಡಿಯನ್ನು ಮಾತ್ರ ನೋಡುತ್ತ, ಗೆರೆಗಳ ನಡುವಿನ ಸಂದಿಯಲ್ಲೇ ಪೆನ್ಸಿಲ್ ನಡೆಸಿ ಒಂದು ಸುತ್ತು ಬರಬೇಕು. ಇಷ್ಟೇ ಕೆಲಸ.

ಅಕ್ಷರ ಮುತ್ತಿನಂತಿರುವ ಹುಡುಗಿಯರೂ ಮೊದಲ ತಿರುವಿನಲ್ಲೇ ನಿಂತುಬಿಡುತ್ತಾರೆ. ಪೆನ್ಸಿಲನ್ನು ಆಚೆ ತಳ್ಳಬೇಕೆಂದುಕೊಂಡರೆ ಕನ್ನಡಿಯಲ್ಲಿ ಅದು ಈಚೆ ಬರುತ್ತದೆ. ಗಾಬರಿಯಲ್ಲಿ ಇನ್ನಷ್ಟು ಒತ್ತುತ್ತಾರೆ, ಗೆರೆ ಇನ್ನಷ್ಟು ದೂರ ಹೋಗುತ್ತದೆ. ಬೆರಳುಗಳು ಬಿಳುಚಿಕೊಳ್ಳುತ್ತವೆ. ಕೆಲವು ಸುತ್ತು ಕಳೆಯುವಷ್ಟರಲ್ಲಿ ಅದೇ ಕೈ ತಿರುವುಗಳನ್ನು ಸರಾಗವಾಗಿ ದಾಟತೊಡಗುತ್ತದೆ. ಏನು ಬದಲಾಯಿತು, ಹೇಗೆ ಮಾಡಿದೆ ಎಂದು ಕೇಳಿದರೆ ಹೇಳಲು ಅವರಿಗೆ ಬರುವುದಿಲ್ಲ. ಕೈಗೆ ಬಂದದ್ದು ಬಾಯಿಗೆ ಬಂದಿರುವುದಿಲ್ಲ.

ಮನಃಶಾಸ್ತ್ರವೆಂದರೆ ಮುಖ ನೋಡಿ ಮನಸ್ಸು ಹೇಳುವ ವಿದ್ಯೆ ಎಂದುಕೊಂಡವರು ಇನ್ನೂ ಬಹಳ ಮಂದಿ. ಈ ಶಾಸ್ತ್ರಕ್ಕೆ ಆ ಶಕ್ತಿ ಇಲ್ಲ. ಇದಕ್ಕೆ ಗೊತ್ತಿರುವುದು ಹೋಲಿಸಿ ನೋಡುವುದು. ಕಣ್ಣಿಗೆ ಕಾಣದ ಮನಸ್ಸಿನ ಬಗ್ಗೆ ಒಂದು ಮಾತು ಆಡಬೇಕಾದರೂ ಅಳೆಯಬಹುದಾದದ್ದನ್ನು ಅಳೆದು, ಹೋಲಿಸಬೇಕಾದದ್ದರ ಜೊತೆ ಹೋಲಿಸಿ, ಆಮೇಲೆ ಆಡಬೇಕು. ಈ ಶಿಸ್ತು ಬೇರೂರಿದ್ದು ಪ್ರಯೋಗಾಲಯಗಳಲ್ಲಿ. ವಿಲ್ಹೆಲ್ಮ್ ವುಂಟ್ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ. ನಮ್ಮಲ್ಲಿ ಕಲ್ಕತ್ತದ ನಂತರ, 1924ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನಲ್ಲಿ ರೇಡಿಯೊ ಕೇಂದ್ರ ಆರಂಭಿಸಿದವರೂ ಇವರೇ. ‘ಆಕಾಶವಾಣಿ’ ಎಂಬ ಹೆಸರು ಮನೆಮಾತಾದದ್ದು ಅಲ್ಲಿಂದ. ರೇಡಿಯೊದಿಂದ ಅವರನ್ನು ನೆನೆಯುವವರು ಮನಃಶಾಸ್ತ್ರವನ್ನು ಮರೆಯುತ್ತಾರಲ್ಲ ಎಂದು ನನಗೆ ಬೇಸರವಿದೆ.

ನಕ್ಷತ್ರಕ್ಕೆ ಬರೋಣ. ಸುತ್ತು ಹೆಚ್ಚಿದಂತೆ ಕೆಲಸ ಸುಧಾರಿಸುತ್ತದೆ, ಸರಿ. ‘ಸುಧಾರಣೆ’ ಎಂದರೇನು? ಒಬ್ಬ ಹುಡುಗ ಎಲ್ಲರಿಗಿಂತ ಬೇಗ ಮುಗಿಸಿದ. ಹಾಳೆ ನೋಡಿದರೆ ಗೆರೆ ಎಲ್ಲೆಲ್ಲೂ ಹೊರಗೆ ಹೋಗಿತ್ತು. ಪಕ್ಕದವಳು ಅವನ ಎರಡರಷ್ಟು ಹೊತ್ತು ತೆಗೆದುಕೊಂಡಳು, ಒಮ್ಮೆಯೂ ಗೆರೆ ಮುಟ್ಟಲಿಲ್ಲ. ಚೆನ್ನಾಗಿ ಕಲಿತವರು ಯಾರು? ತರಗತಿ ಎರಡು ಪಕ್ಷವಾಯಿತು. ನಾನು ತೀರ್ಪು ಕೊಡಲಿಲ್ಲ, ಏಕೆಂದರೆ ಆ ತೀರ್ಪು ಪ್ರಯೋಗಕ್ಕೆ ಮೊದಲೇ ಆಗಬೇಕಾದದ್ದು. ಎಷ್ಟು ಸೆಕೆಂಡು, ಎಷ್ಟು ತಪ್ಪು, ಪೆನ್ಸಿಲ್ ಗೆರೆ ತಾಗಿದರೆ ತಪ್ಪೋ ದಾಟಿದರೆ ತಪ್ಪೋ, ಹೊರಹೋದದ್ದು ಒಳಬಂದು ಮತ್ತೆ ಹೋದರೆ ಒಂದೋ ಎರಡೋ, ಎಲ್ಲವನ್ನೂ ಮುಂಚೆಯೇ ಬರೆದಿಡಬೇಕು. ಫಲಿತಾಂಶ ಕಂಡ ಮೇಲೆ ಅಳತೆಗೋಲು ಆರಿಸಿಕೊಂಡರೆ ನಮಗೆ ಬೇಕಾದವರೇ ಗೆಲ್ಲುತ್ತಾರೆ. ಬುದ್ಧಿ, ಆತಂಕ, ಪ್ರೀತಿ ಹೀಗೆ ಯಾವುದನ್ನು ಅಳೆಯಹೊರಟರೂ ಮೊದಲು ಎದುರಾಗುವ ಕಷ್ಟ ಇದೇ. ಪತ್ರಿಕೆಯಲ್ಲಿ ‘ಸಂಶೋಧನೆ ಹೇಳುತ್ತದೆ’ ಎಂಬ ಸಾಲು ಕಂಡಾಗ ನಾನು ಮೊದಲು ಹುಡುಕುವುದು ಏನನ್ನು ಅಳೆದರು ಎಂಬುದನ್ನೇ.

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯದ್ದು. ಎಡಗೈಯಲ್ಲಿ ಅಭ್ಯಾಸ ಮಾಡಿದರೆ ಬಲಗೈಗೂ ಆ ಕಲಿಕೆ ದಾಟುತ್ತದೆಯೆ? ಬಲಗೈಯಲ್ಲಿ ಒಂದು ಸುತ್ತು ಮಾಡಿಸಿ, ಎಡಗೈಗೆ ಅಭ್ಯಾಸ ಕೊಟ್ಟು, ಮತ್ತೆ ಬಲಗೈಯಲ್ಲಿ ಮಾಡಿಸಿದರೆ ತಪ್ಪುಗಳು ಕಡಿಮೆಯಾಗಿರುತ್ತವೆ. ದಾಟಿತು ಎಂದು ಮಕ್ಕಳು ಸಂಭ್ರಮಿಸುತ್ತಾರೆ. ಆದರೆ ಬಲಗೈಗೆ ಅದು ಎರಡನೆಯ ಸಲ. ನಡುವೆ ಏನೂ ಮಾಡದಿದ್ದರೂ ಒಂದಿಷ್ಟು ಸುಧಾರಿಸಬಹುದಿತ್ತಲ್ಲ? ಅದಕ್ಕೇ ಇನ್ನೊಂದು ಗುಂಪು ಬೇಕು. ಇವರು ಎಡಗೈ ಅಭ್ಯಾಸದ ಹೊತ್ತನ್ನು ಸುಮ್ಮನೆ ಕುಳಿತು ಕಳೆಯುತ್ತಾರೆ. ಇದು ನಿಯಂತ್ರಣ ಗುಂಪು. ಎರಡು ಗುಂಪುಗಳ ನಡುವಿನ ಅಂತರವೇ ಎಡಗೈ ಅಭ್ಯಾಸಕ್ಕೆ ಸಲ್ಲಬೇಕಾದ ಲೆಕ್ಕ. ಮಾತ್ರೆ ನುಂಗಿದೆ, ನೆಗಡಿ ಹೋಯಿತು ಎನ್ನುವವರಿಗೂ ಈ ಪ್ರಶ್ನೆ ಕೇಳಬೇಕು: ನುಂಗದಿದ್ದರೆ ಹೋಗುತ್ತಿರಲಿಲ್ಲವೆ?

ಗುಂಪು ಮಾಡಲು ಬಿಟ್ಟರೆ ಮಕ್ಕಳು ಮುಂದಿನ ಬೆಂಚಿನವರು ಒಂದು, ಹಿಂದಿನ ಬೆಂಚಿನವರು ಇನ್ನೊಂದು ಎನ್ನುತ್ತಾರೆ. ಹಾಗೆ ಮಾಡಿದರೆ ಗೆದ್ದದ್ದು ಅಭ್ಯಾಸವೋ ಬೆಂಚೋ ತಿಳಿಯುವುದಿಲ್ಲ. ಚೀಟಿ ಎತ್ತಿಸುತ್ತಿದ್ದೆ. ಯಾರಿಗೆ ಯಾವ ಗುಂಪೆಂಬುದನ್ನು ಚೀಟಿಗೆ ಬಿಡುವುದಕ್ಕಿಂತ ಸಮರ್ಥವಾದ ಉಪಾಯ ಈ ಶಾಸ್ತ್ರದಲ್ಲಿ ಇನ್ನೊಂದಿಲ್ಲ. ಸೂಚನೆಗಳನ್ನೂ ಕಾಗದ ನೋಡಿಯೇ ಓದಬೇಕು. ಗೆಳತಿಗೆ ಮಾತ್ರ ‘ನಿಧಾನ ಕಣೇ, ಬರುತ್ತೆ’ ಎಂದರೆ ಪ್ರಯೋಗ ಅಲ್ಲಿಗೇ ಕೆಟ್ಟಿತು.

ಎಲ್ಲ ಪ್ರಶ್ನೆಗೂ ಪ್ರಯೋಗ ಒಗ್ಗುವುದಿಲ್ಲ. ಮೊಬೈಲು ಹೆಚ್ಚು ನೋಡುವ ಮಕ್ಕಳು ನಿದ್ದೆಗೆಡುತ್ತಾರೆಂದು ಸಮೀಕ್ಷೆಯಲ್ಲಿ ಕಂಡರೆ, ಮೊಬೈಲಿನಿಂದ ನಿದ್ದೆ ಕೆಟ್ಟಿತೋ, ನಿದ್ದೆ ಬಾರದೆ ಮೊಬೈಲು ಹಿಡಿದರೋ, ಸಮೀಕ್ಷೆಯೊಂದೇ ಹೇಳಲಾರದು. ಇನ್ನು ಕೆಲವು ಸಂಗತಿಗಳನ್ನು ಯಾರ ಮೇಲೂ ಮಾಡಿ ನೋಡುವಂತೆಯೇ ಇಲ್ಲ. ಆಗ ಉಳಿಯುವುದು ಒಬ್ಬ ವ್ಯಕ್ತಿಯ ಅಧ್ಯಯನ.

ಇದೇ ನಕ್ಷತ್ರ ಅಂಥ ಒಬ್ಬನ ಮುಂದೆಯೂ ಬಂತು. ಅಮೆರಿಕದ ಹೆನ್ರಿ ಮೊಲೈಸನ್‌ಗೆ ತೀವ್ರ ಮೂರ್ಛೆರೋಗ. 1953ರಲ್ಲಿ, ಅವನಿಗೆ 27 ವರ್ಷವಿದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯ ಮೆದುಳಿನ ಎರಡೂ ಪಕ್ಕಗಳ ಒಳಭಾಗವನ್ನು, ಹಿಪೊಕ್ಯಾಂಪಸ್‌ನ ಬಹುಪಾಲು ಸೇರಿದಂತೆ, ತೆಗೆದ. ಮೂರ್ಛೆ ಕಡಿಮೆಯಾಯಿತು, ಹೊಸದೇನೂ ನೆನಪಿನಲ್ಲಿ ನಿಲ್ಲದಾಯಿತು. ಮಾತು ಸರಿಯಿತ್ತು, ಬಾಲ್ಯದ ನೆನಪಿತ್ತು, ಬುದ್ಧಿಮತ್ತೆಯ ಪರೀಕ್ಷೆಯಲ್ಲಿ 112 ಅಂಕ ಬಂತು. ಆದರೆ ಆಗಷ್ಟೇ ಮಾತಾಡಿಸಿ ಹೋದವರು ಮರಳಿ ಬಂದರೆ ಹೊಸಬರು. ಬ್ರೆಂಡಾ ಮಿಲ್ನರ್ ಅವನಿಗೆ ಮೂರು ದಿನ ಕನ್ನಡಿಯಲ್ಲಿ ನಕ್ಷತ್ರ ತಿದ್ದಿಸಿದರು. ತಪ್ಪುಗಳು ದಿನದಿಂದ ದಿನಕ್ಕೆ ಇಳಿದವು. ಹಿಂದೆ ಅದನ್ನು ಮಾಡಿದ್ದೇನೆಂಬ ಅರಿವು ಮಾತ್ರ ಅವನಿಗೆ ಇರಲಿಲ್ಲ. ನೆನಪು ಒಂದಲ್ಲ, ಕೈಯ ನೆನಪೇ ಬೇರೆ, ಘಟನೆಗಳ ನೆನಪೇ ಬೇರೆ ಎಂಬುದಕ್ಕೆ ಅಷ್ಟು ಸ್ಪಷ್ಟವಾದ ಸಾಕ್ಷ್ಯ ಹಿಂದೆ ಸಿಕ್ಕಿರಲಿಲ್ಲ. ಗ್ರಾಫಿನಲ್ಲಿ ಇಳಿಯುವ ಆ ಗೆರೆಯನ್ನು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು.

2008ರಲ್ಲಿ ಅವನು ತೀರಿಕೊಳ್ಳುವವರೆಗೂ ಪಠ್ಯಪುಸ್ತಕಗಳಲ್ಲಿ ಅವನು ಬರೀ ‘ಎಚ್.ಎಂ.’ ಗುಟ್ಟು ಕಾಯುವುದು ಸಂಶೋಧಕರ ಕರ್ತವ್ಯವಾಗಿತ್ತು. ಆದರೆ ಒಪ್ಪಿಗೆ? ಕೊಟ್ಟ ಒಪ್ಪಿಗೆಯನ್ನೇ ನೆನಪಿಡಲಾರದವನ ಒಪ್ಪಿಗೆಗೆ ಬೆಲೆ ಎಷ್ಟು ಎಂದು ಒಬ್ಬ ಹುಡುಗಿ ಕೇಳಿದಳು. ಅಂಥವನನ್ನು ಪ್ರತಿ ಸಲವೂ ಹೊಸದಾಗಿ ಕೇಳಬೇಕು, ಅವನ ಪರವಾಗಿ ಯೋಚಿಸುವ ಇನ್ನೊಬ್ಬರೂ ಜೊತೆಗಿರಬೇಕು ಎಂಬುದು ನನ್ನ ನಿಲುವು. ನಮ್ಮ ಪ್ರಾಕ್ಟಿಕಲ್‌ನಲ್ಲೂ ಸೂಚನೆಯ ಕಾಗದದ ಎರಡನೆಯ ಸಾಲು ಅದನ್ನೇ ಹೇಳುತ್ತಿತ್ತು: ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಕೆಲವರು ಅರ್ಧ ನಕ್ಷತ್ರಕ್ಕೇ ಪೆನ್ಸಿಲ್ ಇಟ್ಟು ಎದ್ದದ್ದುಂಟು. ಅವರನ್ನು ಕಾರಣ ಕೇಳುತ್ತಿರಲಿಲ್ಲ. ರೆಕಾರ್ಡಿನಲ್ಲಿ ‘ನಿಲ್ಲಿಸಿದರು’ ಎಂದಷ್ಟೇ ಬರೆಸಿ, ಮುಂದಿನವರನ್ನು ಕರೆಯುತ್ತಿದ್ದೆ.